ಶಾಕಂಭರಿಯ ಮೂರು ಬಟ್ಟಲ ವ್ರತ

ದೀಪದ ಬತ್ತಿಯನ್ನು ಮೇಲೆತ್ತಿ, ಮಕ್ಕಳನ್ನು ಮುಂದಿನ ಸಾಲಿನಲ್ಲಿ ಕೂಡಿಸಿಕೊಂಡು, ಮೊರದ ತುಂಬ ತೊಳೆದ ಕಾಯಿಪಲ್ಲೆಯನ್ನೂ ಅದರ ಮುಂದೆ ಮೂರು ಬಟ್ಟಲುಗಳನ್ನೂ ಇಟ್ಟು, ಒಬ್ಬೊಬ್ಬರು ಒಂದೊಂದು ಮೆಂತ್ಯದ ಎಲೆಯನ್ನು ಬಲಗೈಯಲ್ಲಿ ಹಿಡಿದು ಈ ಕಥೆಯನ್ನು ಕೇಳಬೇಕು. ಎಲೆ ಬಾಡುವ ಮೊದಲು ಕಥೆ ಮುಗಿಯಬೇಕೆಂದು ನಮ್ಮತ್ತೆಯವರು ಹೇಳುತ್ತಿದ್ದರು. ಆದ್ದರಿಂದ ನಡುವೆ ಯಾರೂ ಏಳಬಾರದು, ಮಕ್ಕಳು ಹಸಿವೆಂದರೆ ಮಾತ್ರ ತಡೆಯಬಾರದು.

ಬಹಳ ಹಿಂದೆ, ಕೆಂಪು ಕಲ್ಲಿನ ಗುಡ್ಡಗಳ ನಡುವೆ ಹೊಳೆಯೊಂದು ತಿರುಗಿ ಹರಿಯುವ ಕಡೆ, ಕೆಂಗಲ್ಲಪುರವೆಂಬ ಪಟ್ಟಣವಿತ್ತು. ಅದನ್ನು ಕಂಚರಸನೆಂಬ ಅರಸನು ಆಳುತ್ತಿದ್ದನು. ಅವನ ತಾಯಿಯು ಇದ್ದಷ್ಟು ಕಾಲವೂ ಆ ಊರಿನಲ್ಲಿ ಒಂದು ನಡೆ ತಪ್ಪದೆ ನಡೆದಿತ್ತು. ಪುಷ್ಯಮಾಸದ ಹುಣ್ಣಿಮೆಯ ದಿನ ಹೊಳೆದಂಡೆಯ ತೋಟದ ಹೆಂಗಸರು ತಮ್ಮ ತಮ್ಮ ಮಡಿಗಳಲ್ಲಿ ಬೆಳೆದ ಎಳೆಯ ಕಾಯಿಪಲ್ಲೆಯನ್ನು ಮೊರದಲ್ಲಿ ತುಂಬಿ, ಜೊತೆಗೆ ಮೂರು ಬಟ್ಟಲುಗಳನ್ನು ಇಟ್ಟು, ಶಾಕಂಭರಿ ತಾಯಿಯ ಹೆಸರು ಹೇಳುತ್ತ ಅರಮನೆಗೆ ಬರುತ್ತಿದ್ದರು. ರಾಜಮಾತೆಯು ನೆಲದ ಮೇಲೆ ಕುಳಿತು, ಮೊದಲು ತಾನೇ ಒಂದು ಮೂಲಂಗಿಯ ಹೋಳನ್ನು ಬಟ್ಟಲಿನಲ್ಲಿ ಅದ್ದಿ ತಿಂದು, ಆಮೇಲೆ ಊರಿನ ಮಕ್ಕಳಿಗೆಲ್ಲ ಮೊರವನ್ನು ಸರಿಸುತ್ತಿದ್ದಳು. ಆ ಮಕ್ಕಳ ಕಣ್ಣುಗಳು ತೊಳೆದ ನೇರಳೆ ಹಣ್ಣಿನಂತೆ ಹೊಳೆಯುತ್ತಿದ್ದವೆಂದು ಬೇರೆ ಊರಿನವರು ಬಂದು ನೋಡಿ ಹೋಗುತ್ತಿದ್ದರಂತೆ.

ಹೀಗಿರಲು ರಾಜಮಾತೆಯು ತೀರಿಕೊಂಡಳು. ಅರಮನೆಯ ಆಡಳಿತವು ಕಂಚರಸನ ರಾಣಿ ಹೊನ್ನಲದೇವಿಯ ಕೈಗೆ ಬಂತು. ಹೊನ್ನಲದೇವಿಯು ಇನ್ನೂ ದೊಡ್ಡ ರಾಜ್ಯದಿಂದ ಬಂದವಳು. ರೂಪವಂತೆ, ಜಾಣೆ, ಮಗಳೆಂದರೆ ಜೀವ ಬಿಡುವವಳು. ಆದರೆ ತವರಿನ ಹೆಮ್ಮೆಯನ್ನು ಸೆರಗಿನ ಹಾಗೆ ಸದಾ ಹೊದ್ದುಕೊಂಡೇ ಇರುತ್ತಿದ್ದಳು. ಅವಳ ಒಬ್ಬಳೇ ಮಗಳು ಸೋವಲೆಗೆ ಆಗ ಆರು ವರ್ಷ. ಆ ಮಗುವಿನ ತಟ್ಟೆಗೆ ಹಾಲುಬಾಯಿ, ಮಂಡಿಗೆ, ತುಪ್ಪದನ್ನ, ಸಕ್ಕರೆ ಬೆರೆಸಿದ ಕೆನೆ ಇವುಗಳ ಹೊರತು ಮತ್ತೊಂದು ಬೀಳುತ್ತಿರಲಿಲ್ಲ. ಹಸಿರು ಬಣ್ಣದ್ದೇನಾದರೂ ಅಡುಗೆಮನೆಗೆ ಬಂದರೆ ಅದು ಆಳುಗಳಿಗೆಂದು ರಾಣಿಯು ಹೇಳಿಬಿಟ್ಟಿದ್ದಳು.

ಆ ವರ್ಷದ ಪುಷ್ಯ ಹುಣ್ಣಿಮೆ ಬಂತು. ತೋಟದ ಹೆಂಗಸರು ಎಂದಿನಂತೆ ಮೊರ ಹೊತ್ತು ಬಂದರು. ಅವರ ಮುಂದೆ ಬಾಳವ್ವನೆಂಬ ಮುದುಕಿ ಇದ್ದಳು. ಅವಳು ಗಂಡನಿಲ್ಲದವಳು, ನಾಲ್ಕು ಮೊಮ್ಮಕ್ಕಳನ್ನು ಸಾಕುತ್ತ, ಹೊಳೆದಂಡೆಯ ಒಂದು ತುಂಡು ನೆಲದಲ್ಲಿ ಬೆಳೆದುಕೊಂಡು ಬದುಕಿದ್ದಳು. ಬಾಳವ್ವನು ಮೊರವನ್ನು ಅಂಗಳದಲ್ಲಿಳಿಸಿ ಕೈಮುಗಿದು ನಿಂತಳು. ಆಗ ಕಂಬದ ಹಿಂದೆ ಆಡುತ್ತಿದ್ದ ಸೋವಲೆಯು ಓಡಿಬಂದು, ಮೊರದಲ್ಲಿದ್ದ ಕೆಂಪು ಗಜ್ಜರಿ ಗಡ್ಡೆಯ ಬಣ್ಣಕ್ಕೆ ಬೆರಗಾಗಿ, ಅದನ್ನು ತೆಗೆದುಕೊಳ್ಳಲು ಕೈ ಚಾಚಿದಳು.

ಹೊನ್ನಲದೇವಿಯು ಆ ಕೈಯ ಮೇಲೆ ಹೊಡೆದಳು.

"ದನ ತಿನ್ನೋದನ್ನ ನನ್ನ ಮಗಳು ತಿನ್ನಬೇಕೇನು?" ಎಂದು ಹೇಳಿ, ಮೊರವನ್ನು ಹಾಗೆಯೇ ಎತ್ತಿಸಿ ದನದ ಕೊಟ್ಟಿಗೆಗೆ ಕಳಿಸಿದಳು. ತೋಟದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳದೆ ತಲೆ ತಗ್ಗಿಸಿ ಹಿಂದಿರುಗಿದರು. ಅತ್ತ ಕೊಟ್ಟಿಗೆಯಲ್ಲಿ ಮೊರವನ್ನು ಗೋದಲಿಗೆ ಸುರಿದಾಗ, ಮುಂಜಾನೆಯಿಂದ ಮೇವಿಲ್ಲದೆ ನಿಂತಿದ್ದ ನೂರು ಹಸುಗಳಲ್ಲಿ ಒಂದೂ ಅದಕ್ಕೆ ಬಾಯಿ ಹಾಕಲಿಲ್ಲ. ಎಲ್ಲವೂ ಗೋದಲಿಯ ಸುತ್ತ ಬಂದು, ಕೊರಳಿನ ಗಂಟೆ ಕೂಡ ಅಲುಗದಂತೆ, ತಲೆ ಬಾಗಿಸಿ ನಿಂತುಬಿಟ್ಟವು. ದನ ಕಾಯುವವನು ಇದನ್ನು ಕಂಡು ಓಡಿಬಂದು ರಾಣಿಗೆ ಅರಿಕೆ ಮಾಡಿದನು. ರಾಣಿಯು ನಕ್ಕು, ದನಗಳಿಗೂ ಬೇಡವಾಯಿತಲ್ಲ ಎಂದಳು.

ಕೇಳುವವರೆ, ಶಾಕಂಭರಿ ತಾಯಿಗೆ ಕೋಪ ಬಂದದ್ದು ಮೊರವನ್ನು ಕೊಟ್ಟಿಗೆಗೆ ಕಳಿಸಿದ್ದಕ್ಕಲ್ಲ. ತಾನಾಗಿ ಚಾಚಿದ ಮಗುವಿನ ಕೈಯನ್ನು ಹಿಂದಕ್ಕೆ ತಳ್ಳಿದ್ದಕ್ಕೆ. ಇಲ್ಲಿ ನಮ್ಮತ್ತೆಯವರು ಓದು ನಿಲ್ಲಿಸಿ ಕೂತವರನ್ನೆಲ್ಲ ಒಮ್ಮೆ ನೋಡುತ್ತಿದ್ದರು.

ಅಂದಿನಿಂದ ಸೋವಲೆಯು ಹಸಿರನ್ನು ಕಂಡರೆ ಮುಖ ತಿರುಗಿಸತೊಡಗಿದಳು. ಮಾಘ ಮಾಸ ಬರುವಷ್ಟರಲ್ಲಿ ಅವಳ ವಸಡುಗಳಲ್ಲಿ ರಕ್ತ ಕಾಣಿಸಿತು, ಕೆನ್ನೆಗಳು ಇಳಿದವು, ಆಟದ ನಡುವೆಯೇ ದಣಿದು ಕೂಡುವಂತಾಯಿತು. ಫಾಲ್ಗುಣದಲ್ಲಿ ಒಂದು ಸಂಜೆ ದಾಸಿಯರು ದೀಪ ಹಚ್ಚಿ ನಡುಮನೆಯಲ್ಲಿಟ್ಟರು. ತಾಯಿಯ ಹತ್ತಿರ ಬರುತ್ತಿದ್ದ ಮಗುವು ಹೊಸ್ತಿಲನ್ನು ಎಡವಿ ಬಿದ್ದು, ಎದ್ದು, ಗೋಡೆಯನ್ನು ತಡವುತ್ತ ಬಂದು, ಉರಿಯುತ್ತಿರುವ ದೀಪದ ಎದುರಿಗೇ ನಿಂತು ಕೇಳಿತು:

"ಅವ್ವಾ, ಇವತ್ತು ದೀಪ ಯಾಕ ಹಚ್ಚಿಲ್ಲ?"

ಹೊನ್ನಲದೇವಿಯು ದಡಬಡನೆ ಎದ್ದಳು. ಮಗಳನ್ನು ಎತ್ತಿಕೊಂಡು ದೀಪದ ಬಳಿಗೆ ಒಯ್ದಳು. ದೀಪದ ಬೆಳಕು ಮಗುವಿನ ಕಣ್ಣಿನೊಳಗೆ ಕಾಣುತ್ತಿತ್ತು, ಕಣ್ಣಿಗೆ ಮಾತ್ರ ದೀಪ ಕಾಣುತ್ತಿರಲಿಲ್ಲ. ಹಗಲು ಕಾಣುವ ಕಣ್ಣು ಹೊತ್ತು ಮುಳುಗಿದೊಡನೆ ಮುಚ್ಚಿದ ಬಾಗಿಲಿನಂತಾಗಿತ್ತು.

ಅರಸನು ನಾಲ್ಕೂ ದಿಕ್ಕಿನಿಂದ ವೈದ್ಯರನ್ನು ಕರೆಸಿದನು. ಅವರು ನಾಡಿ ಹಿಡಿದು, ಕಣ್ಣು ಬಿಡಿಸಿ ನೋಡಿ, ಈ ಮಗುವಿನ ಮೈಗೆ ಸೊಪ್ಪಿಲ್ಲ, ಗಡ್ಡೆಯಿಲ್ಲ, ಹಸಿಯಿಲ್ಲ, ಅದನ್ನು ತಿನ್ನಿಸಿದರೆ ಕಣ್ಣು ತಿರುಗಿ ಬಂದೀತು, ತಿನ್ನಿಸದಿದ್ದರೆ ಹಗಲಿನ ಬೆಳಕೂ ಹೋದೀತು ಎಂದು ಹೇಳಿದರು.

ಆಗ ರಾಣಿಯು ಊರಿನ ಸೊಪ್ಪನ್ನೆಲ್ಲ ತರಿಸಿದಳು. ಬೇಯಿಸಿ ಮುದ್ದೆ ಮಾಡಿಸಿದಳು. ಇಬ್ಬರು ದಾಸಿಯರು ಮಗುವಿನ ಕೈ ಹಿಡಿದರು, ಮೂರನೆಯವಳು ಮೂಗು ಹಿಡಿದಳು, ತಾಯಿಯು ತುತ್ತನ್ನು ಬಾಯಿಗೆ ತುರುಕಿದಳು. ಮಗುವು ಅತ್ತು ವಾಂತಿ ಮಾಡಿಕೊಂಡಿತು. ಮರುದಿನ ಸೊಪ್ಪನ್ನು ಹಿಂಡಿ ರಸವನ್ನು ಪಾಯಸದೊಳಗೆ ಬೆರೆಸಿಕೊಟ್ಟರು. ಮಗುವು ಒಂದು ಗುಟುಕಿಗೇ ಅದನ್ನು ಗುರುತಿಸಿ, ಅಂದಿನಿಂದ ಪಾಯಸವನ್ನೂ ಬಿಟ್ಟಿತು. ತಾಯಿಯು ಬೆದರಿಸಿದಳು, ಬೊಂಬೆ ಕೊಡುವೆನೆಂದಳು, ಆಣೆಯಿಟ್ಟಳು. ಒಂದೂ ನಡೆಯಲಿಲ್ಲ. ಕೊನೆಗೆ ತಾಯಿಯ ಬಳೆಯ ಸದ್ದು ಕೇಳಿದರೆ ಸಾಕು, ಆ ಮಗು ಎರಡೂ ಕೈಗಳಿಂದ ಬಾಯಿ ಮುಚ್ಚಿಕೊಳ್ಳುತ್ತಿತ್ತು. ಅದನ್ನು ಕಂಡ ದಿನ ಹೊನ್ನಲದೇವಿಯು ತನ್ನ ಬಳೆಗಳನ್ನು ತೆಗೆದಿಟ್ಟು, ಗೋಡೆಗೆ ಮುಖ ಮಾಡಿ ಕುಳಿತು, ಮೊದಲ ಸಲ ಅತ್ತಳು.

ಮರುದಿನ ಬೆಳಿಗ್ಗೆ ಅವಳು ಪಲ್ಲಕ್ಕಿ ಬೇಡವೆಂದು, ದಾಸಿಯರು ಬೇಡವೆಂದು, ಒಬ್ಬಳೇ ನಡೆದು ಹೊಳೆದಂಡೆಗೆ ಹೋದಳು. ಬೇಲಿಯ ಆಚೆಯಿಂದ ಕರಕರ ಎಂಬ ಸದ್ದು ಕೇಳಿಸಿತು. ಇಣುಕಿ ನೋಡಿದರೆ ಬಾಳವ್ವನ ನಾಲ್ಕು ಮೊಮ್ಮಕ್ಕಳು ಬೇವಿನ ಮರದ ಕೆಳಗೆ ಒಂದೇ ಮೊರದ ಸುತ್ತ ಕುಳಿತಿದ್ದರು. ಸೌತೆಕಾಯಿ, ಗಜ್ಜರಿ, ಎಳೆ ಮೂಲಂಗಿ, ಹಕ್ಕರಿಕೆ ಸೊಪ್ಪು, ಮೆಂತ್ಯದ ಎಲೆ ಎಲ್ಲವೂ ಹಸಿಯಾಗಿಯೇ ಇದ್ದವು. ಮಕ್ಕಳು ತಮಗೆ ಬೇಕಾದದ್ದನ್ನು ಎತ್ತಿಕೊಂಡು, ಬಟ್ಟಲಿನಲ್ಲಿ ಅದ್ದಿ, ಕಚ್ಚಿ, ಕೊನೆಯ ಮೂಲಂಗಿ ನನಗೆ ತನಗೆಂದು ಜಗಳವಾಡುತ್ತಿದ್ದರು. ಬಾಳವ್ವನೂ ಅವರ ನಡುವೆ ಕುಳಿತು ತಿನ್ನುತ್ತಿದ್ದಳು. ತಿನ್ನಿರೆಂದು ಮಾತ್ರ ಯಾರಿಗೂ ಹೇಳುತ್ತಿರಲಿಲ್ಲ.

ರಾಣಿಯು ಒಳಗೆ ಬಂದು, ಮಣ್ಣಿನ ಮೇಲೆಯೇ ಕುಳಿತು, "ಬಾಳವ್ವಾ, ಇವರಿಗೆ ಏನು ಮದ್ದು ಹಾಕಿದ್ದಿ? ನನ್ನ ಮಗಳು ನನ್ನ ಕೈ ಕಂಡರ ಬಾಯಿ ಮುಚ್ಚಿಕೊಳ್ತಾಳ" ಎಂದಳು.

ಬಾಳವ್ವನು ಹಳೆಯದನ್ನು ಎತ್ತಲಿಲ್ಲ. ಕೈ ತೊಳೆದುಕೊಂಡು ಬಂದು, ರಾಣಿಯ ಎದುರಿಗೆ ಕುಳಿತಳು.

"ಮದ್ದಲ್ರೀ ಯವ್ವಾ, ಇದು ಶಾಕಂಭರಿಯ ಮೂರು ಬಟ್ಟಲ ವ್ರತ. ನಿಮ್ಮತ್ತಿಯವರು ಹಿಡಿದಿದ್ರು. ಐದು ಶುಕ್ರವಾರ ಮಾಡಬೇಕು, ತಾಯಾದಾಕಿನ ಮಾಡಬೇಕು, ಆಳಿನ ಕೈಲೆ ಮಾಡಿಸಿದ್ರ ಸಲ್ಲೂದಿಲ್ಲ" ಎಂದು ಮೊದಲುಮಾಡಿ, ವ್ರತದ ಬಗೆಯನ್ನು ಹೇಳಿಕೊಟ್ಟಳು.

ಆ ಬಗೆಯು ಹೀಗಿತ್ತು. ಗುರೆಳ್ಳನ್ನು ಹದವಾಗಿ ಹುರಿದು, ಮೆಣಸು ಜೀರಿಗೆ ಉಪ್ಪು ಸೇರಿಸಿ ಒರಳಿನಲ್ಲಿ ಕುಟ್ಟಿ, ಹಿಂಡಿ ಎಂಬ ಒಣಚಟ್ನಿ ಮಾಡಿ, ಅದನ್ನು ಗಟ್ಟಿ ಮೊಸರಿನಲ್ಲಿ ಕಲಸಿದರೆ ಅದು ಮೊದಲನೆಯ ಬಟ್ಟಲು. ಹೆಸರುಬೇಳೆಯನ್ನು ಮೆತ್ತಗೆ ಬೇಯಿಸಿ ಕಡೆದು, ಹಸಿಶುಂಠಿ ತುರಿದು ಹಾಕಿ, ಮೇಲೆ ನಾಲ್ಕು ಹನಿ ತುಪ್ಪ ಬಿಟ್ಟರೆ ಎರಡನೆಯದು. ಎಳ್ಳನ್ನು ಹುರಿದು ಅರೆದು, ಹುಣಸೆಯ ಹುಳಿಗೆ ಚಿಟಿಕೆ ಬೆಲ್ಲ ಕೂಡಿಸಿ ಮಾಡಿದ ಗೊಜ್ಜು ಮೂರನೆಯದು. ಕಾಯಿಪಲ್ಲೆಯನ್ನು ಮಗುವಿನ ಬೆರಳಿನಷ್ಟು ಉದ್ದಕ್ಕೆ ಹೆಚ್ಚಿ, ಬಣ್ಣ ಬಣ್ಣಕ್ಕೆ ಜೋಡಿಸಬೇಕು. ಕಡೆಯ ಶುಕ್ರವಾರದ ಮೊರದಲ್ಲಿ ಒಂದಾದರೂ ಕಾಯಿ ತಾಯಿಯು ತನ್ನ ಕೈಯಾರೆ ಬಿತ್ತಿ ಬೆಳೆದದ್ದಾಗಿರಬೇಕು. ಬೇರೆ ಮನೆಯ ಮಕ್ಕಳನ್ನೂ ಕರೆದು ಒಂದೇ ಮೊರಕ್ಕೆ ಕೂಡಿಸಬೇಕು. ತಾಯಿಯು ಮೊದಲು ಅದ್ದಿ ತಿನ್ನಬೇಕು.

"ಆಮ್ಯಾಲೆ?" ಎಂದು ರಾಣಿಯು ಕೇಳಿದಳು.

"ಆಮ್ಯಾಲೆ ಸುಮ್ಮನಿರಬೇಕ್ರೀ. ತಿನ್ನು ಅನಬಾರದು. ಕೂಸಿನ ಕೈ ತಾನ ಮುಂದ ಬರಬೇಕು. ಆ ಕೈಯಾಗ ಶಾಕಂಭರಿ ತಾಯಿ ಕುಂತಿರ್ತಾಳ."

ಹೊನ್ನಲದೇವಿಯು ಬಾಳವ್ವನ ಕಾಲು ಮುಟ್ಟಲು ಹೋದಳು. ಬಾಳವ್ವನು ಹಿಂದೆ ಸರಿದು, ಅವಳ ಸೆರಗಿನಲ್ಲಿ ಒಂದು ಹಿಡಿ ಮೂಲಂಗಿಯ ಬೀಜವನ್ನು ಕಟ್ಟಿ ಕಳಿಸಿದಳು.

ರಾಣಿಯು ಅಡುಗೆಮನೆಯ ಹಿಂದಿನ ಹಾಸುಗಲ್ಲುಗಳನ್ನು ಕೀಳಿಸಿ, ನೆಲವನ್ನು ತಾನೇ ಅಗೆದು, ಮಡಿ ಮಾಡಿ ಬೀಜ ಬಿತ್ತಿದಳು. ಅಂಗೈಯಲ್ಲಿ ಗುಳ್ಳೆ ಎದ್ದವು. ಸೋವಲೆಯು ದೂರದಲ್ಲಿ ನಿಂತು ನೋಡುತ್ತಿದ್ದಳು. ಮೂರನೆಯ ದಿನ ಹತ್ತಿರ ಬಂದು ತಂಬಿಗೆಯಿಂದ ನೀರು ಹಾಕಿದಳು. ಐದನೆಯ ದಿನ ಮಣ್ಣು ಬಿರಿದು ಎರಡೆರಡು ಎಲೆಯ ಮೊಳಕೆಗಳು ಎದ್ದಾಗ, ಮಗುವು ಉಸಿರು ಬಿಗಿಹಿಡಿದು ಕುಳಿತು, ಬೆರಳಿನಿಂದ ಒಂದನ್ನು ಮುಟ್ಟಿ, "ಇದು ನಿನ್ನೆ ಎಲ್ಲಿತ್ತವ್ವಾ?" ಎಂದಿತು. ರಾಣಿಯು ಮಗಳ ಪಕ್ಕದಲ್ಲಿ ಬಾಗಿ ನೋಡಿದಳು. ಅವಳೂ ಅದನ್ನೇ ಯೋಚಿಸುತ್ತಿದ್ದಳು.

ಆ ಶುಕ್ರವಾರ ವ್ರತ ಹಿಡಿದಳು. ಬಾಳವ್ವನೂ ಅವಳ ಮೊಮ್ಮಕ್ಕಳೂ ತಮ್ಮ ತೋಟದ ಕಾಯಿಪಲ್ಲೆ ತಂದು ಮಡಿಯ ಪಕ್ಕದಲ್ಲಿ ಕುಳಿತರು. ರಾಣಿಯು ಮೊದಲು ಮೆಂತ್ಯದ ಎಲೆಯನ್ನು ಹಿಂಡಿಯ ಬಟ್ಟಲಿನಲ್ಲಿ ಅದ್ದಿ ಬಾಯಿಗಿಟ್ಟಳು. ಹುಟ್ಟಿ ಬೆಳೆದಾಗಿನಿಂದ ಹಸಿ ಸೊಪ್ಪಿನ ರುಚಿ ಅರಿಯದ ಅವಳಿಗೆ ಮೊದಲು ಕಹಿ, ಹಿಂದೆಯೇ ಹುರಿದ ಗುರೆಳ್ಳಿನ ಘಮ, ಕಡೆಗೆ ಮೊಸರಿನ ತಂಪು ತಿಳಿದುಬಂತು. ಸೋವಲೆಯು ಬಾಯಿ ಮುಚ್ಚಿಕೊಂಡೇ ಕುಳಿತಿದ್ದಳು. ರಾಣಿಯು ತುಟಿ ಕಚ್ಚಿಕೊಂಡು ಸುಮ್ಮನಿದ್ದಳು. ಸುಮ್ಮನಿರುವುದಕ್ಕಿಂತ ನೆಲ ಅಗೆಯುವುದೇ ಹಗುರವಾಗಿತ್ತು. ಎರಡನೆಯ ಶುಕ್ರವಾರ ಮಗುವು ಗೊಜ್ಜಿನ ಬಟ್ಟಲಿನಲ್ಲಿ ಬರಿಯ ಬೆರಳನ್ನು ಅದ್ದಿ ನೆಕ್ಕಿತು. ಮೂರನೆಯ ಶುಕ್ರವಾರ ಬಾಳವ್ವನ ಕಿರಿಯ ಮೊಮ್ಮಗಳು ಗಜ್ಜರಿ ಕಚ್ಚುವ ಸದ್ದನ್ನು ಕೇಳಿ, ಮಗುವಿಗೆ ತಾನೂ ಅಂಥದೇ ಸದ್ದು ಮಾಡಬೇಕೆಂಬ ಆಸೆಯಾಗಿ, ಒಂದು ಹೋಳನ್ನೆತ್ತಿ ಹೆಸರುಬೇಳೆಯಲ್ಲಿ ಅದ್ದಿ ಕಚ್ಚಿತು. ಮತ್ತೊಂದನ್ನೂ ಎತ್ತಿಕೊಂಡಿತು. ಆ ವಾರದ ಸಂಜೆಗಳಲ್ಲಿ ಮಗುವಿಗೆ ದೀಪವು ಮಂಜಿನೊಳಗಿನ ಚುಕ್ಕೆಯಂತೆ ಕಾಣತೊಡಗಿತು.

ನಾಲ್ಕನೆಯ ಶುಕ್ರವಾರದ ಹೊತ್ತಿಗೆ ರಾಣಿಯ ತವರಿನಿಂದ ಅವಳ ಅಣ್ಣನ ಹೆಂಡತಿ ಮಹಾದೇವಿಯಕ್ಕ ಪರಿವಾರದೊಡನೆ ಬಂದಿಳಿದಳು. ಅವಳ ಮುಂದೆ ತೋಟದ ಮಕ್ಕಳೊಡನೆ ಮಣ್ಣಿನಲ್ಲಿ ಕುಳಿತು ಹಸಿ ಮೂಲಂಗಿ ತಿನ್ನುವುದು ಹೇಗೆಂದು ಹೊನ್ನಲದೇವಿಗೆ ನಾಚಿಕೆಯಾಯಿತು. ಇವತ್ತೊಂದು ದಿನ ನೀನೇ ಮಾಡಿಬಿಡೆಂದು ದಾಸಿಗೆ ಹೇಳಿ, ತಾನು ಒಳಗೆ ಅತ್ತಿಗೆಯೊಡನೆ ಮಂಡಿಗೆ ಮೆಲ್ಲುತ್ತ ಕುಳಿತಳು. ಮೊರದ ಮುಂದೆ ಸೋವಲೆಯು ತಾಯಿಗಾಗಿ ಕಾದಳು. ಕಾದು ಕಾದು, ಏನನ್ನೂ ಮುಟ್ಟದೆ ಎದ್ದುಹೋದಳು. ಅಂದು ಸಂಜೆ ಆ ಚುಕ್ಕೆಯ ಬೆಳಕೂ ಇಲ್ಲವಾಯಿತು. ಮಗುವು ಅಳಲೂ ಇಲ್ಲ. ಗೋಡೆ ಹಿಡಿದು ಬಂದು ತಾಯಿಯ ಪಕ್ಕದಲ್ಲಿ ಮಲಗಿಕೊಂಡು, "ನಾಳೆ ಬರ್ತೀಯೇನವ್ವಾ?" ಎಂದು ಮಾತ್ರ ಕೇಳಿತು.

ಬೆಳಗಾಗುತ್ತಲೇ ರಾಣಿಯು ಹೊಳೆದಂಡೆಗೆ ಓಡಿದಳು. ಬಾಳವ್ವನು ಎಲ್ಲವನ್ನೂ ಕೇಳಿ, "ಮೊದಲಿಂದ ಹಿಡೀರಿ. ತಪ್ಪಿದಾಕಿಗೂ ತಾಯಿ ಮತ್ತ ಮೊರ ಹಿಡೀತಾಳ" ಎಂದಳು.

ಮುಂದಿನ ಶುಕ್ರವಾರ ಹೊನ್ನಲದೇವಿಯು ಅತ್ತಿಗೆಯ ಕೈ ಹಿಡಿದು ತಾನೇ ಹಿತ್ತಿಲಿಗೆ ಕರೆತಂದು, ಅವಳ ಕಣ್ಣೆದುರಿನಲ್ಲಿಯೇ ಮಡಿಯ ಪಕ್ಕ ಕುಳಿತು, ಬಾಳವ್ವನ ಮೊಮ್ಮಕ್ಕಳನ್ನು ಎರಡೂ ಮಗ್ಗುಲಿಗೆ ಕೂಡಿಸಿಕೊಂಡು, ಮೂಲಂಗಿಯ ಹೋಳನ್ನು ಅದ್ದಿ ತಿಂದಳು. ಮಹಾದೇವಿಯಕ್ಕನು ಸೆರಗಿನಿಂದ ಬಾಯಿ ಮುಚ್ಚಿ ನಕ್ಕಳು. ರಾಣಿಯು ತಲೆಯೆತ್ತಲಿಲ್ಲ, ಏಳಲೂ ಇಲ್ಲ. ಸೋವಲೆಯು ತಾಯಿಯ ಮೊಣಕಾಲಿಗೆ ಒರಗಿ, ಅವಳು ಅದ್ದಿದ ಬಟ್ಟಲಿನಲ್ಲಿಯೇ ತಾನೂ ಅದ್ದಿ ತಿಂದಳು. ಹೀಗೆ ಎರಡು, ಮೂರು, ನಾಲ್ಕು ಶುಕ್ರವಾರಗಳು ತಪ್ಪದೆ ನಡೆದವು. ನಗಲು ನಿಂತಿದ್ದ ಅತ್ತಿಗೆಯು ಮೂರನೆಯ ವಾರ ನಿಲ್ಲುವುದನ್ನು ಬಿಟ್ಟು ಕುಳಿತಳು.

ಐದನೆಯ ಶುಕ್ರವಾರ ಬಂತು. ವೈಶಾಖದ ಬಿಸಿಲಿಗೆ ಮೊರದಲ್ಲಿದ್ದ ಸೊಪ್ಪೆಲ್ಲ ಜೋತುಬಿದ್ದಿತ್ತು. ರಾಣಿಯು ಬಿತ್ತಿದ ಮೂಲಂಗಿಗಳು ಬಲಿತಿದ್ದವು. ಗೋಧೂಳಿಯ ಹೊತ್ತಿಗೆ ಮಡಿಯ ಮುಂದೆ ದೀಪವಿಟ್ಟು, ಅರಸನೂ ಬಂದು ಕುಳಿತ ಮೇಲೆ, ತಾಯಿಯು ಮಗಳ ಕೈಯನ್ನು ಹಿಡಿದು ಒಂದು ಗಿಡದ ಬುಡಕ್ಕೆ ತಂದಳು. ಮಗುವು ಎರಡೂ ಕೈಯಿಂದ ಅದರ ಎಲೆಯ ತಪ್ಪಲನ್ನು ಹಿಡಿದು ಎಳೆಯಿತು. ನೆಲವು ಮೊದಲು ಬಿಗಿಹಿಡಿದು, ಆಮೇಲೆ ಸಡಿಲಿತು. ಕತ್ತಲೆ ಮಣ್ಣಿನೊಳಗಿಂದ ಹಾಲಿನಷ್ಟು ಬೆಳ್ಳಗಿನ ಗಡ್ಡೆಯು ಮೇಲೆ ಬಂತು. ಅಲ್ಲಿ ಕುಳಿತವರೆಲ್ಲ, ದಿನಾ ಮೂಲಂಗಿ ಕೀಳುವ ಬಾಳವ್ವನೂ ಕೂಡ, ಅದನ್ನು ಆಗಲೇ ಮೊದಲ ಸಲ ಕಂಡವರ ಹಾಗೆ ನೋಡಿದರು.

ಅದನ್ನು ತೊಳೆದು ಹೆಚ್ಚಿ ಮೊರದಲ್ಲಿಟ್ಟರು. ತಾಯಿಯು ಮೊದಲು ತಿಂದಳು. ಸೋವಲೆಯು ಕೈ ಚಾಚಿ ಒಂದು ಹೋಳನ್ನೆತ್ತಿ, ಗುರೆಳ್ಳಿನ ಬಟ್ಟಲಿನಲ್ಲಿ ಅದ್ದಿ, ಕಚ್ಚಿ, ಅಗಿಯುತ್ತ ತಲೆಯೆತ್ತಿದಳು. ಅಗಿಯುವುದನ್ನು ಹಾಗೆಯೇ ನಿಲ್ಲಿಸಿದಳು.

"ಅವ್ವಾ, ದೀಪದ ಆ ಕಡೆ ಕುಂತಾಳಲ್ಲ, ಆ ಅಮ್ಮ ಯಾರು? ಸೀರಿ ತುಂಬ ಎಲಿ ಅದಾವ."

ರಾಣಿಯು ನೋಡಿದಳು. ಅರಸನು ನೋಡಿದನು. ದೀಪದ ಆಚೆ ಯಾರೂ ಇರಲಿಲ್ಲ.

"ಎಲಿ ಹೆಂಗ ಅದಾವ, ಕಂದಾ?" ಎಂದು ರಾಣಿಯು ಮೆಲ್ಲಗೆ ಕೇಳಿದಳು.

"ಜೀವಂತ ಅದಾವ. ಕೈ ಬಾಳ ಅದಾವ. ಒಂದೊಂದು ಕೈಯಾಗ ಒಂದೊಂದು ಪಲ್ಯ ಹಿಡಿದಾಳ. ನಕ್ಕೋತ ತಿನ್ನಾಕತ್ತಾಳ" ಎಂದು ಮಗುವು ಹೇಳಿತು.

ಬಾಳವ್ವನು ನೆಲಕ್ಕೆ ಹಣೆ ಹಚ್ಚಿ ಅಡ್ಡಬಿದ್ದಳು. ಆಗ ಗಾಳಿಯೇ ಇಲ್ಲದ ಆ ಹಿತ್ತಿಲಿನಲ್ಲಿ ಹೊಸ ಮಳೆ ಬಿದ್ದ ಮಣ್ಣಿನ ವಾಸನೆಯು ಎದ್ದಿತು. ಎಲ್ಲರ ಕಣ್ಣೆದುರಿನಲ್ಲಿ, ಮೊರದಲ್ಲಿ ಜೋತುಬಿದ್ದಿದ್ದ ಒಂದೊಂದು ಎಲೆಯೂ ಈಗ ತಾನೆ ಕೊಯ್ದಂತೆ ನೆಟ್ಟಗೆ ನಿಂತಿತು. ಮೂರೂ ಬಟ್ಟಲುಗಳಲ್ಲಿ, ಯಾರೂ ಕೈಯಿಡದ ದೀಪದ ಮಗ್ಗುಲಿನಿಂದ, ಬೆರಳು ಅದ್ದಿ ತೆಗೆದ ಗುರುತು ಮೂಡಿತ್ತು. ಮೊರದ ಆ ಅಂಚಿನಲ್ಲಿ ಒಂದು ಗಜ್ಜರಿಯನ್ನು ಯಾರೋ ಅರ್ಧ ಕಚ್ಚಿ ಇಟ್ಟಿದ್ದರು.

ಹೊನ್ನಲದೇವಿಯು ಮಗಳ ಮುಖವನ್ನು ಎರಡೂ ಕೈಗಳಲ್ಲಿ ಹಿಡಿದಳು. ಹೊತ್ತು ಮುಳುಗಿತ್ತು. ಮಗುವು ತಾಯಿಯ ಮುಖವನ್ನು ದಿಟ್ಟಿಸಿ, "ಯಾಕ ಅಳ್ತೀಯವ್ವಾ?" ಎಂದಿತು. ಕತ್ತಲಲ್ಲಿ ತನ್ನ ಕಣ್ಣೀರು ಮಗಳಿಗೆ ಕಂಡಿತೆಂದು ತಿಳಿದ ರಾಣಿಯು, ಆ ಅರ್ಧ ಗಜ್ಜರಿಯನ್ನು ಪ್ರಸಾದವೆಂದು ಎತ್ತಿ ಕಣ್ಣಿಗೊತ್ತಿಕೊಂಡು, ಕೂತಿದ್ದ ಮಕ್ಕಳೆಲ್ಲರಿಗೂ ಚೂರು ಚೂರಾಗಿ ಹಂಚಿದಳು. ಎಷ್ಟು ಹಂಚಿದರೂ ಅದು ಅರ್ಧವಾಗಿಯೇ ಉಳಿಯಿತು. ಕೊನೆಯ ಮಗುವಿಗೆ ಕೊಟ್ಟ ಮೇಲೆಯೇ ಮುಗಿಯಿತು.

ಅಲ್ಲಿಂದ ಮುಂದೆ ಸೋವಲೆಯ ಕೆನ್ನೆ ತುಂಬಿತು, ಕಣ್ಣು ಬೆಳಗಿತು. ಮಹಾದೇವಿಯಕ್ಕನು ಊರಿಗೆ ಮರಳುವಾಗ ಒಡವೆಯ ಪೆಟ್ಟಿಗೆಯಲ್ಲಿ ಗುರೆಳ್ಳನ್ನೂ ಮೆಂತ್ಯದ ಬೀಜವನ್ನೂ ತುಂಬಿಕೊಂಡು ಹೋದಳು. ಅರಮನೆಯ ಹಿತ್ತಿಲು ತೋಟವಾಯಿತು. ರಾಣಿಯು ಬಾಳವ್ವನನ್ನು ತನ್ನ ಪಕ್ಕದ ಮಣೆಯಲ್ಲಿ ಕೂಡಿಸಿಕೊಂಡು ಪ್ರತಿ ಪುಷ್ಯ ಹುಣ್ಣಿಮೆಗೆ ಊರಿನ ಮಕ್ಕಳಿಗೆಲ್ಲ ಮೊರ ಹಿಡಿದಳು. ಆ ಪಟ್ಟಣದಲ್ಲಿ ಊಟಕ್ಕಾಗಿ ಮಗುವನ್ನು ಹೊಡೆದ ಸದ್ದು ಮತ್ತೆ ಕೇಳಲಿಲ್ಲ.

ಹೊನ್ನಲದೇವಿಗೆ ಒಲಿದ ಶಾಕಂಭರಿಯು ಈ ಮನೆಗೂ ಒಲಿಯಲಿ. ಈ ಕಥೆಯನ್ನು ಓದಿದವರ ಒರಳು ಬರಿದಾಗದಿರಲಿ, ಕೇಳಿದವರ ಹಿತ್ತಿಲು ಒಣಗದಿರಲಿ, ಕೇಳಿ ಇನ್ನೊಬ್ಬರಿಗೆ ಹೇಳಿದವರ ಮನೆಯ ಮಕ್ಕಳು ಗಟ್ಟಿ ಹಲ್ಲಿನವರಾಗಿ, ಬೆಳಗುವ ಕಣ್ಣಿನವರಾಗಿ ನೂರು ಪುಷ್ಯ ಹುಣ್ಣಿಮೆ ಕಾಣಲಿ. ಮಕ್ಕಳಿಲ್ಲದವರು ಕೇಳಿದರೆ ನೆರೆಮನೆಯ ಮಕ್ಕಳು ಅವರ ಮೊರದ ಸುತ್ತ ಬಂದು ಕೂಡಲಿ. ನಡುವೆ ತಪ್ಪಿದವರಿಗೂ ಮೊದಲಿನಿಂದ ಹಿಡಿಯುವ ಮನಸ್ಸನ್ನು ತಾಯಿ ಕೊಡಲಿ. ಈಗ ಕೈಯಲ್ಲಿರುವ ಎಲೆಯನ್ನು ದೊಡ್ಡವರು ಮೊದಲು ಬಟ್ಟಲಿನಲ್ಲಿ ಅದ್ದಿ ತಿನ್ನಿರಿ. ತಿಂದು ಸುಮ್ಮನಿರಿ. ಮೊರವನ್ನು ಮಕ್ಕಳ ಕಡೆಗೆ ಸರಿಸಿರಿ.